ಬೆರಳು ಒಂದು ಫ್ರೆಟ್ ಸರಿದರೆ

ಯುಕುಲೆಲೆ ಕಲಿಯಲು ಕೂತವರಿಗೆ ಮೊದಮೊದಲು ಒಲಿಯುವ ಕಾರ್ಡ್‌ಗಳಲ್ಲಿ ಜಿ-ಸೆವೆನ್ ಒಂದು. ಜಿ ತಂತಿ ಖಾಲಿ, ಸಿ ತಂತಿಯಲ್ಲಿ ಎರಡನೇ ಫ್ರೆಟ್, ಇ ತಂತಿಯಲ್ಲಿ ಮೊದಲನೆಯದು, ಎ ತಂತಿಯಲ್ಲಿ ಎರಡನೆಯದು. ಅಲ್ಲಿಂದ ಸಿ ಕಾರ್ಡಿಗೆ ಬಂದರೆ ಹಾಡು ಮನೆ ಸೇರುತ್ತದೆ. ಇನ್ನು, ಖಾಲಿ ಬಿಟ್ಟ ಜಿ ತಂತಿಯ ಮೊದಲ ಫ್ರೆಟ್ಟನ್ನೂ ಒತ್ತಿ ನೋಡಬೇಕು. ಮೂಲಸ್ವರ ಜಿ ಮರೆಯಾಗಿ ಎ-ಫ್ಲಾಟ್ ಕೇಳುತ್ತದೆ. ಮನೆ ಸೇರುವ ಹಂಬಲ ಇಮ್ಮಡಿಯಾಗುತ್ತದೆ. ಆಲ್ಟರ್ಡ್ ಕಾರ್ಡ್‌ಗಳ ಬಾಗಿಲು ಇದೇ.

ಕರ್ನಾಟಕ ಸಂಗೀತ ಬಲ್ಲವರಿಗೆ ಇದರ ವೈಚಿತ್ರ್ಯ ಬೇಗ ಹೊಳೆಯುತ್ತದೆ. ನಮ್ಮಲ್ಲಿ ಷಡ್ಜ, ಪಂಚಮ ಎರಡೂ ಅಚಲ. ಆಲ್ಟರ್ಡ್ ಕಾರ್ಡ್ ಅಲುಗಿಸುವುದು ಆ ಪಂಚಮವನ್ನೇ. ಜಿಯನ್ನು ಷಡ್ಜವೆಂದು ಹಿಡಿದರೆ ಪಂಚಮವಾದ ಡಿ ಒಂದು ಫ್ರೆಟ್ ಕೆಳಗಿಳಿಯುತ್ತದೆ, ಇಲ್ಲವೇ ಮೇಲೇರುತ್ತದೆ. ರಿಷಭವೂ ಹಾಗೆಯೇ: ಶುದ್ಧ ರಿಷಭದ ಜಾಗದಲ್ಲಿ ಎ-ಫ್ಲಾಟ್, ಷಟ್‌ಶ್ರುತಿ ರಿಷಭದ ಜಾಗದಲ್ಲಿ ಬಿ-ಫ್ಲಾಟ್. ನಾಟ ರಾಗದಲ್ಲಿ ಷಟ್‌ಶ್ರುತಿ ರಿಷಭವೂ ಅಂತರ ಗಾಂಧಾರವೂ ಅಕ್ಕಪಕ್ಕ ನಿಲ್ಲುವುದನ್ನು ಕೇಳಿದ ಕಿವಿಗೆ, ಅದೇ ರಿಷಭ ಸೇರಿದ ಜಿ-ಸೆವೆನ್ ಶಾರ್ಪ್ ನೈನ್ ಪೂರ್ತಿ ಅಪರಿಚಿತವಲ್ಲ.

ಹಲವರು ಇದನ್ನು ಕಲಿಯಲು ಹೊರಡುವುದು ಆಲ್ಟರ್ಡ್ ಸ್ಕೇಲ್‌ನಿಂದ. ಏಳು ಸ್ವರಗಳನ್ನು ಮೇಲೆ ಕೆಳಗೆ ಓಡಿಸಿ, ಹತ್ತಾರು ಚಿತ್ರಗಳನ್ನು ಬಾಯಿಪಾಠ ಮಾಡುತ್ತಾರೆ. ಬೆರಳು ಓಡುತ್ತದೆ ನಿಜ, ಆದರೆ ಯಾವ ಸ್ವರ ಎಲ್ಲಿಗೆ ಹೋಗಲು ತವಕಿಸುತ್ತಿದೆ ಎಂಬುದು ಕಿವಿಗೆ ಹತ್ತುವುದಿಲ್ಲ. ಯುಕುಲೆಲೆಗೆ ಈ ದಾರಿ ಸಲ್ಲದು. ನಾಲ್ಕೇ ತಂತಿ ಇರುವಲ್ಲಿ ಐದಾರು ಸ್ವರದ ಕಾರ್ಡಿನಿಂದ ಏನನ್ನಾದರೂ ಬಿಡಲೇಬೇಕು, ಮೊದಲು ಬಿಡುವುದು ಮೂಲಸ್ವರ. ಉಳಿದ ನಾಲ್ಕೂ ಬಣ್ಣದ ಸ್ವರಗಳೇ. ಕೊರತೆ ಎಂದು ಕಾಣುವುದು ಇಲ್ಲಿ ಅನುಕೂಲ.

ಒಂದೇ ತಂತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಜಿ, ಸಿ, ಇ, ಎ ತಂತಿಗಳಲ್ಲಿ ಫ್ರೆಟ್‌ಗಳು ಕ್ರಮವಾಗಿ 1-2-1-2 ಎಂದಿರಲಿ. ಇದು ಜಿ-ಸೆವೆನ್ ಫ್ಲಾಟ್ ನೈನ್. ಸಿ ತಂತಿಯ ಬೆರಳನ್ನಷ್ಟೇ ಮುಂದೆ ಸರಿಸಿದರೆ 1-3-1-2, ಪಂಚಮ ಏರಿತು. ಹಿಂದೆ ಸರಿಸಿದರೆ 1-1-1-2, ಪಂಚಮ ಇಳಿಯಿತು. ಈ ಕೊನೆಯದನ್ನು ಕಾರ್ಡ್ ಪುಸ್ತಕಗಳು ಡಿ-ಫ್ಲಾಟ್ ಸೆವೆನ್ ಎನ್ನುತ್ತವೆ. ಜಾಝ್‌ನಲ್ಲಿ ಜಿ-ಸೆವೆನ್ನಿನ ಬದಲು ಡಿ-ಫ್ಲಾಟ್ ಸೆವೆನ್ ನುಡಿಸುವ ರೂಢಿ ಪುಟಗಟ್ಟಲೆ ಸಿದ್ಧಾಂತ ಓದದೆಯೇ ಬೆರಳಿನಡಿ ಬಿಚ್ಚಿಕೊಳ್ಳುತ್ತದೆ.

ಆರ್ಪೆಜಿಯೊ ಎಂದರೆ ಈ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದು. ಇಲ್ಲೊಂದು ತೊಡಕಿದೆ. ಯುಕುಲೆಲೆಯ ಸಾಮಾನ್ಯ ಶ್ರುತಿಯಲ್ಲಿ ನಾಲ್ಕನೇ ತಂತಿಯಾದ ಜಿ, ಸಿ ಮತ್ತು ಇ ತಂತಿಗಳಿಗಿಂತ ಎತ್ತರದ್ದು. ಗಿಟಾರ್‌ನಂತೆ ಮೇಲಿನಿಂದ ಕೆಳಕ್ಕೆ ಮೀಟಿದರೆ ಸ್ವರ ಮೊದಲು ಕುಸಿದು ಆಮೇಲೆ ಏರುತ್ತದೆ. 1-3-1-2 ಹಿಡಿದು ಮೂರು, ಎರಡು, ನಾಲ್ಕು, ಒಂದು ಎಂಬ ಕ್ರಮದಲ್ಲಿ ತಂತಿ ಮೀಟಬೇಕು: ಇ-ಫ್ಲಾಟ್, ಎಫ್, ಎ-ಫ್ಲಾಟ್, ಬಿ. ಅಚ್ಚುಕಟ್ಟಾದ ಆರೋಹಣ. ಹೆಬ್ಬೆರಳು, ತೋರುಬೆರಳುಗಳಿಗೆ ಈ ಕ್ರಮ ಒಗ್ಗಲು ದಿನಗಳೇ ಬೇಕು. ಅವಸರಪಟ್ಟರೆ ಒಂದು ತಂತಿ ನುಂಗಿಹೋಗುತ್ತದೆ.

1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದ ವಲಸಿಗರು ಹವಾಯಿಗೆ ತಂದ ಪುಟ್ಟ ತಂತಿವಾದ್ಯದಿಂದ ಹುಟ್ಟಿದ ಯುಕುಲೆಲೆಯನ್ನು ಆಟಿಕೆ ಎಂದು ಬದಿಗಿಡುವವರು ವಾದಕ ಲೈಲ್ ರಿಟ್ಝ್ ಅವರ ‘ಹೌ ಅಬೌಟ್ ಯೂಕ್?’ ಕೇಳಬೇಕು. ವರ್ವ್ ಕಂಪನಿ 1957ರಲ್ಲಿ ಹೊರತಂದ ಈ ಜಾಝ್ ಆಲ್ಬಂ ಇಂಥ ಬಣ್ಣದ ಕಾರ್ಡ್‌ಗಳಿಗೆ ಈ ವಾದ್ಯದಲ್ಲಿ ಎಷ್ಟು ಜಾಗವಿದೆ ಎಂದು ಆಗಲೇ ತೋರಿಸಿತ್ತು.

ಅಭ್ಯಾಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಳಿದಾಣಕ್ಕೆ. 1-3-1-2ರಿಂದ 0-2-0-2ಕ್ಕೆ ಬಂದರೆ ಮೂರು ಸ್ವರಗಳು ತಲಾ ಒಂದೊಂದು ಫ್ರೆಟ್ ಇಳಿಯುತ್ತವೆ, ಬಿ ಮಾತ್ರ ಇದ್ದಲ್ಲೇ ಇರುತ್ತದೆ. ಕೇಳುವುದು ಸಿ ಮೇಜರ್ ನೈನ್‌ನ ಬಣ್ಣ. ಇದನ್ನು ಮೆಲ್ಲಗೆ, ಇಳಿಯುವ ಪ್ರತಿ ಸ್ವರವನ್ನೂ ಬಾಯಲ್ಲಿ ಹಾಡುತ್ತಾ ನುಡಿಸಬೇಕು. ಅದು ಕೂತ ಮೇಲೆ ಅದೇ ಆಕಾರವನ್ನು ಎರಡು ಫ್ರೆಟ್ ಮೇಲೆ ಹಿಡಿದರೆ ಎ-ಆಲ್ಟರ್ಡ್. ಅದು ಡಿ ಮೈನರ್‌ಗೆ ಇಳಿಯುತ್ತದೆ, ಡಿ ಮೈನರ್‌ನಿಂದ ಮತ್ತೆ 1-3-1-2, ಅಲ್ಲಿಂದ ಸಿ.