ಸಿಡ್ನಿಯಿಂದ ಹೋಬಾರ್ಟಿಗೆ

ನಮ್ಮ ಲಿಂಗಸುಗೂರು ಸೀಮೆಗೂ ಕಡಲಿಗೂ ಬಹು ದೂರ. ಆದರೂ ನೀರಿನ ಭಯವನ್ನೂ ನೀರಿನ ಮರ್ಯಾದೆಯನ್ನೂ ನಾವು ಅರಿಯದವರೇನೂ ಅಲ್ಲ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ಹೆಚ್ಚಾಗಿ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುವುದು. ಜಲದುರ್ಗದ ಕಡೆಯ ನಡುಗಡ್ಡೆಯವರಿಗೆ ಈಚೆಯ ದಡವೇ ಪರದೇಶವಾಗುವುದು. ಇಂತಹ ಹೊತ್ತಿನಲ್ಲಿ ಹರಿಗೋಲಿನ ಅಂಬಿಗನು ಹೊಳೆಯ ಬಣ್ಣವನ್ನೊಮ್ಮೆ ನೋಡಿ, “ಇವತ್ತು ಬ್ಯಾಡ್ರೀ ಯಪ್ಪಾ” ಎಂದನೆಂದರೆ ಮುಗಿಯಿತು. ಮದುವೆಯಿರಲಿ, ಸಂತೆಯಿರಲಿ, ಮರುಮಾತಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕದ ರೂಢಿಯಾದರೂ, ದಾಟುವ ಮುನ್ನ ಅವನ ಮಾತೇ ಮಾತು.

ಹೀಗೆ “ಇವತ್ತು ಬೇಡ” ಎನ್ನುವ ಅಧಿಕಾರವು ಯಾರದು ಎಂಬ ಪ್ರಶ್ನೆಯು ನಮ್ಮ ಹೊಳೆಯಲ್ಲಿ ಎಷ್ಟು ಸುಲಭವೋ, ಕಡಲಿನಲ್ಲಿ ಅಷ್ಟೇ ಕಠಿಣವಾಗಿ ತೋರಿದ ಒಂದು ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುವೆವು. ಅದು ಆಸ್ಟ್ರೇಲಿಯಾ ಖಂಡದ ಸಿಡ್ನಿ ನಗರದಿಂದ ಟಾಸ್ಮೇನಿಯಾ ದ್ವೀಪದ ಹೋಬಾರ್ಟಿನ ವರೆಗೆ ಪ್ರತಿ ವರ್ಷವೂ ನಡೆಯುವ ಹಾಯಿದೋಣಿಗಳ ಪಂದ್ಯ. ದೂರವು 628 ನಾವಿಕ ಮೈಲು, ಅಂದರೆ ಸುಮಾರು 1,163 ಕಿಲೋಮೀಟರು. ನಮ್ಮ ಊರಿನಿಂದ ಗ್ವಾಲಿಯರಿಗೆ ಆಕಾಶದಲ್ಲಿ ನೇರವಾಗಿ ಗೆರೆ ಎಳೆದರೆ ಹೆಚ್ಚುಕಡಮೆ ಅಷ್ಟಾಗುವುದು.

ಇದರ ಹುಟ್ಟು ಬಹು ಸಾಧಾರಣವಾದುದು. 1945ರಲ್ಲಿ ಮಹಾಯುದ್ಧವು ಮುಗಿದ ಹೊಸತು. ಸಿಡ್ನಿಯ ಪೀಟರ್ ಲ್ಯೂಕ್ ಮೊದಲಾದ ಕೆಲವರು ಕ್ರಿಸ್ಮಸ್ ರಜೆಯಲ್ಲಿ ಹೋಬಾರ್ಟಿಗೆ ಮೆಲ್ಲನೆ ವಿಹಾರ ಹೋಗಿಬರಬೇಕೆಂದಿದ್ದರು. ಆಗ ಅಲ್ಲಿದ್ದ ಬ್ರಿಟಿಷ್ ನೌಕಾದಳದ ಕ್ಯಾಪ್ಟನ್ ಜಾನ್ ಇಲಿಂಗ್‌ವರ್ತ್ ಎಂಬಾತನನ್ನು ಜೊತೆಗೆ ಕರೆಯಲು, ವಿಹಾರವೇಕೆ, ಪಂದ್ಯವನ್ನೇ ಮಾಡೋಣವೆಂದು ಅವನು ಸೂಚಿಸಿದನು. ಡಿಸೆಂಬರ್ 26ರಂದು ಒಂಬತ್ತು ದೋಣಿಗಳು ಹೊರಟುವು. ಇಲಿಂಗ್‌ವರ್ತನ ದೋಣಿಯ ಹೆಸರನ್ನು ಕೇಳಿದರೆ ವಾಚಕರಿಗೆ ಸಂತೋಷವಾದೀತು, ಅದು “ರಾಣಿ”. ಉದ್ದವು 35 ಅಡಿ ಮಾತ್ರ. ದಾರಿಯಲ್ಲಿ ಬಿರುಗಾಳಿ ಎದ್ದು ಅನೇಕ ದೋಣಿಗಳು ದಡದ ಆಶ್ರಯವನ್ನು ಹುಡುಕಿದುವು. ರಾಣಿಯ ಸುಳಿವೇ ಇಲ್ಲವಾಯಿತು. ವಿಮಾನವು ಹುಡುಕಿಯೂ ಕಾಣದಿರಲು, ಮುಳುಗಿತೆಂದೇ ಜನರು ಭಾವಿಸಿದರು. ನಿಜಕ್ಕಾದರೆ ಅದು ಹುಡುಕುವವರ ಎಣಿಕೆಯನ್ನು ಮೀರಿ ಮುಂದೆ ಹೋಗಿದ್ದಿತು! 6 ದಿನ 14 ಗಂಟೆ 22 ನಿಮಿಷಗಳಲ್ಲಿ ಗುರಿಯನ್ನು ಸೇರಿ ಪ್ರಥಮ ಬಹುಮಾನವನ್ನು ಪಡೆಯಿತು. ವಿಹಾರದ ಯೋಚನೆಯನ್ನು ಮಾಡಿದ್ದ ಲ್ಯೂಕನ “ವೇಫೇರರ್” ದೋಣಿಗೆ ಹನ್ನೊಂದು ದಿನಗಳಿಗೂ ಮಿಕ್ಕಿ ಹಿಡಿಯಿತು. ಪಾಪ, ಆತನಿಗೆ ಬೇಕಾಗಿದ್ದುದು ವಿಹಾರವೇ ಅಷ್ಟೆ!

ಮೊದಲು ಮುಟ್ಟಿದವನೇ ಗೆದ್ದವನಲ್ಲವೆಂಬುದು ಈ ಪಂದ್ಯದ ಒಂದು ವಿಶೇಷ. ನೂರು ಅಡಿಯ ದೋಣಿಯೂ ಮೂವತ್ತು ಅಡಿಯ ದೋಣಿಯೂ ಒಟ್ಟಿಗೆ ಹೊರಡುವುದರಿಂದ, ಪ್ರತಿಯೊಂದರ ಅಳತೆ ಹಾಯಿಗಳನ್ನು ಲೆಕ್ಕಹಾಕಿ ಒಂದು ಗುಣಕವನ್ನು ಗೊತ್ತುಮಾಡುವರು; ಹಿಡಿದ ಕಾಲವನ್ನು ಅದರಿಂದ ಗುಣಿಸಲು ಯಾರದು ಎಲ್ಲಕ್ಕೂ ಕಡಮೆಯೋ ಅವರಿಗೇ ಟಾಟರ್ಸಾಲ್ ಬಟ್ಟಲು. ಮೊದಲು ಮುಟ್ಟಿದವರ ಗೌರವವು ಬೇರೆ. ರಾಣಿಗೆ ಎರಡೂ ದೊರೆತುವು. ಈಗಿನ ದೊಡ್ಡ ದೋಣಿಗಳ ವೇಗವೋ ಕಲ್ಪನಾತೀತ: 2017ರಲ್ಲಿ “ಕಮಾಂಚಿ” ಎಂಬುದು ಇದೇ ದೂರವನ್ನು 1 ದಿನ 9 ಗಂಟೆ 15 ನಿಮಿಷಗಳಲ್ಲಿ ಮುಗಿಸಿತು. ಐವತ್ತನೆಯ ಪಂದ್ಯದಲ್ಲಿ, 1994ರಲ್ಲಿ, 371 ದೋಣಿಗಳು ಹೊರಟಿದ್ದುವು.

ಮಾರ್ಗಮಧ್ಯದಲ್ಲಿ ಬಾಸ್ ಜಲಸಂಧಿ ಇರುವುದು. ಅಲ್ಲಿ ಕಡಲಿನ ಆಳ ಕಡಮೆ. ಪಶ್ಚಿಮದ ಗಾಳಿಗೆ ತಡೆಯಿಲ್ಲ. ಕರಾವಳಿಯುದ್ದಕ್ಕೂ ಬೆಚ್ಚನೆಯ ಪ್ರವಾಹವೊಂದು ದಕ್ಷಿಣಕ್ಕೆ ಹರಿಯುವುದರಿಂದ, ಗಾಳಿಯು ಅದಕ್ಕೆ ಎದುರಾದರೆ ಅಲೆಗಳು ಗೋಡೆಗಳಂತೆ ಕಡಿದಾಗಿ ನಿಲ್ಲುವುವು. ಹೊಳೆಯ ಸೆಳವಿಗೆ ಎದುರಾಗಿ ಗಾಳಿ ಬೀಸಿದಾಗ ಹರಿಗೋಲು ಹೇಗೆ ಕುಣಿಯುವುದೆಂದು ಬಲ್ಲವರಿಗೆ ಇದು ತಿಳಿಯುವುದು.

1998ರ ಡಿಸೆಂಬರ್ 26ರಂದು ಮಧ್ಯಾಹ್ನ ಒಂದು ಗಂಟೆಗೆ 115 ದೋಣಿಗಳು ಹೊರಟುವು. ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಕಳೆಯುವಷ್ಟರಲ್ಲಿ ಹವಾಮಾನ ಇಲಾಖೆಯು ಮೊದಲಿನ ಎಚ್ಚರಿಕೆಯನ್ನು ಏರಿಸಿ, ಚಂಡಮಾರುತದ ಮುನ್ಸೂಚನೆಯನ್ನೇ ಹೊರಡಿಸಿತು. ಪಂದ್ಯವನ್ನು ಯಾರೂ ನಿಲ್ಲಿಸಲಿಲ್ಲ. ನಿಲ್ಲಿಸಬೇಕಾದವರು ಯಾರು? ಹೊರಡುವುದೂ ಮುಂದುವರಿಯುವುದೂ ಆಯಾ ದೋಣಿಯವರ ಹೊಣೆಯೇ ಹೊರತು ಪಂದ್ಯದ ಅಧಿಕಾರಿಗಳದಲ್ಲವೆಂದು ಪಂದ್ಯದ ನಿಯಮವೇ ಹೇಳುವುದು. ಸ್ಪರ್ಧೆಯಲ್ಲಿದ್ದವರೋ ತಾವು ಕಂಡ ಗಾಳಿಯ ಸ್ಥಿತಿಯನ್ನು ಎದುರಾಳಿಗಳಿಗೆ ಹೇಳುವ ಪದ್ಧತಿ ಆಗ ಇರಲಿಲ್ಲ. ಮರುದಿನ ಮಧ್ಯಾಹ್ನ “ಸ್ವೋರ್ಡ್ ಆಫ್ ಓರಿಯನ್” ಎಂಬ ದೋಣಿಯವರು ಈ ಪದ್ಧತಿಯನ್ನು ಮುರಿದು, ಗಾಳಿಯು ಗಂಟೆಗೆ 140 ಕಿಲೋಮೀಟರನ್ನೂ ಮೀರಿ ಬೀಸುತ್ತಿರುವುದೆಂದು ರೇಡಿಯೋದಲ್ಲಿ ಎಲ್ಲರಿಗೂ ತಿಳಿಸಿದರು. ಅದನ್ನು ಕೇಳಿ ಹಿಂದಿರುಗಿದವರು ಅನೇಕರು. ವಿಧಿಯ ಕ್ರೌರ್ಯವನ್ನು ನೋಡಿರಿ: ಎಚ್ಚರಿಸಿದ ಆ ದೋಣಿಯೇ ತಾನೂ ಹಿಂದಿರುಗಲು ಹೊರಟಾಗ ಅಲೆಗೆ ಸಿಕ್ಕಿ ಮಗುಚಿ ಎದ್ದಿತು. ಒಲಿಂಪಿಕ್ ಪಂದ್ಯದಲ್ಲಿ ಭಾಗವಹಿಸಿದ್ದ ಗ್ಲಿನ್ ಚಾರ್ಲ್ಸ್ ಎಂಬ ಆಂಗ್ಲ ನಾವಿಕನು ಕಟ್ಟಿಕೊಂಡಿದ್ದ ಪಟ್ಟಿ ಹರಿದು ಕಡಲುಪಾಲಾದನು.

1945ರ ಒಂಬತ್ತು ದೋಣಿಗಳಲ್ಲಿ “ವಿನ್‌ಸ್ಟನ್ ಚರ್ಚಿಲ್” ಎಂಬ ಮರದ ದೋಣಿಯೂ ಒಂದಾಗಿದ್ದಿತು. 53 ವರ್ಷಗಳ ಮೇಲೆ ಅದೇ ದೋಣಿಯು ಈ ಬಿರುಗಾಳಿಯಲ್ಲಿ ಒಡೆದು ಮುಳುಗಿತು. ಅದರಲ್ಲಿದ್ದ ಒಂಬತ್ತು ಮಂದಿ ಎರಡು ರಬ್ಬರಿನ ತೆಪ್ಪಗಳಿಗೆ ಇಳಿದರು. ತೆಪ್ಪಗಳು ಬೇರಾದುವು. ಒಂದರಲ್ಲಿದ್ದ ನಾಲ್ವರೂ ಉಳಿದರು. ಇನ್ನೊಂದರ ಐವರಲ್ಲಿ ಮೂವರನ್ನು ಅಲೆಗಳು ಎಳೆದೊಯ್ದುವು. ಒಟ್ಟು ಆರು ಜನ ಸತ್ತರು, ಐದು ದೋಣಿಗಳು ಮುಳುಗಿದುವು, 55 ಜನರನ್ನು ಹೆಲಿಕಾಪ್ಟರುಗಳೇ ಮೊದಲಾದುವುಗಳಿಂದ ಪಾರುಮಾಡಿದರು. ಹೋಬಾರ್ಟನ್ನು ಸೇರಿದ ದೋಣಿಗಳು 44 ಮಾತ್ರ. ಬಟ್ಟಲನ್ನು ಗೆದ್ದುದು “ಮಿಡ್‌ನೈಟ್ ರ‍್ಯಾಂಬ್ಲರ್” ಎಂಬ 35 ಅಡಿಯ ದೋಣಿ, ರಾಣಿಯಷ್ಟೇ ಉದ್ದದ್ದು! ಅದರವರು ಹಿಂದಿರುಗದೆ ಅಲೆಗಳಿಗೆ ಮುಖಕೊಟ್ಟು ಮುಂದುವರಿದಿದ್ದರು. ಆದುದರಿಂದ ಹಿಂದಿರುಗುವುದೇ ಸದಾ ವಿವೇಕವೆಂದು ಹೇಳುವ ಧೈರ್ಯವು ನಮಗಿಲ್ಲ. ದಡದಲ್ಲಿದ್ದಾಗ ಹೊರಡದಿರುವುದು ಒಂದು. ನಡುನೀರಿನಲ್ಲಿ ದೋಣಿಯನ್ನು ತಿರುಗಿಸುವುದು ಇನ್ನೊಂದು.

ಇಂಗ್ಲೆಂಡಿನಲ್ಲಿ 1925ರಿಂದ ನಡೆದುಬಂದ ಫಾಸ್ಟ್‌ನೆಟ್ ಪಂದ್ಯಕ್ಕೂ 1979ರಲ್ಲಿ ಇಂತಹುದೇ ವಿಪತ್ತು ಒದಗಿ, ಸ್ಪರ್ಧಿಗಳಲ್ಲಿ 15 ಮಂದಿ ಮಡಿದಿದ್ದರು. ಅಲ್ಲಿ ಜನರು ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದುವು ಐದೇ. ಮಿಕ್ಕವು ತೇಲುತ್ತ ಸಿಕ್ಕಿದುವು. ದೋಣಿಯನ್ನು ಬಿಟ್ಟು ತೆಪ್ಪಕ್ಕಿಳಿದವರಲ್ಲಿ ಕೆಲವರು ಬದುಕಿ ಉಳಿಯಲಿಲ್ಲ.

ಸಿಡ್ನಿಯ ದುರಂತವನ್ನು ವಿಚಾರಿಸಿದ ಅಪಮೃತ್ಯು ವಿಚಾರಣಾಧಿಕಾರಿಯು 2000ದ ಡಿಸೆಂಬರಿನಲ್ಲಿ ವರದಿಯನ್ನಿತ್ತು, ಪಂದ್ಯವನ್ನು ನಡೆಯಿಸುವವರು ತಮ್ಮ ಹೊಣೆಯನ್ನು ನೆರವೇರಿಸಲಿಲ್ಲವೆಂದು ಕಠಿಣವಾಗಿ ಖಂಡಿಸಿದನು. ನಿಯಮವು ದೋಣಿಯವರನ್ನು ಹೊಣೆಮಾಡಿದ ಮಾತ್ರಕ್ಕೆ ದಡದವರು ಕೈತೊಳೆದುಕೊಳ್ಳುವಂತಿಲ್ಲವೆಂಬುದು ಅದರ ತಾತ್ಪರ್ಯವೆಂದು ನಾವು ತಿಳಿಯುವೆವು. ಅದು ಸರಿಯೂ ಹೌದು. ದುರಂತದ ತರುವಾಯ ನಾವಿಕರಿಗೆ ಸುರಕ್ಷತೆಯ ಶಿಕ್ಷಣವು ಕಡ್ಡಾಯವಾಯಿತು. ಜಲಸಂಧಿಯನ್ನು ಹೊಗುವ ಮುನ್ನ ಗ್ರೀನ್ ಕೇಪ್ ಎಂಬ ಭೂಶಿರದ ಬಳಿ ಪ್ರತಿಯೊಂದು ದೋಣಿಯೂ ರೇಡಿಯೋದಲ್ಲಿ ಮಾತನಾಡಿ, ತನ್ನ ದೋಣಿಯೂ ಜನರೂ ಯಂತ್ರಗಳೂ ಮುಂದುವರಿಯಲು ಸಮರ್ಥವೆಂದು ಬಾಯಿಬಿಟ್ಟು ಹೇಳಬೇಕು.

2020ರಲ್ಲಿ ಕೊರೋನಾ ಪಿಡುಗಿನಿಂದ ಪಂದ್ಯವು ಮೊದಲ ಬಾರಿಗೆ ತಪ್ಪಿತು. 2024ರಲ್ಲಿ ಬೇರೆ ಬೇರೆ ಎರಡು ದೋಣಿಗಳಲ್ಲಿ ಇಬ್ಬರು ನಾವಿಕರು ಮೊದಲ ರಾತ್ರಿಯೇ ತೀರಿಕೊಂಡರು. ಪಂದ್ಯವು ನಿಲ್ಲಲಿಲ್ಲ. ಮರುವರ್ಷ, 2025ರ ಡಿಸೆಂಬರ್ 26ರಂದು, ಎಂಬತ್ತನೆಯ ಪಂದ್ಯವು ಸಿಡ್ನಿಯ ಬಂದರಿನಿಂದ ಹೊರಟಿತು.