ಹೊಸ ಕೂದಲು, ಹಳೇ ಫೋಟೋ

ಕೂದಲು ಕಸಿ ಮಾಡಿಸಿಕೊಂಡವರನ್ನ ಜನ ಕೇಳೋದು ಎರಡೇ ಪ್ರಶ್ನೆ. ಎಷ್ಟಾಯ್ತು? ನೋವಾಯ್ತಾ? ನಾನು ಆರು ತಿಂಗಳು ತಲೆ ಕೆಡಿಸಿಕೊಂಡಿದ್ದು ಬೇರೆ ಪ್ರಶ್ನೆಗೆ. ಬಂದ ಕೂದಲನ್ನ ಎಷ್ಟು ಉದ್ದ ಬಿಡಬೇಕು, ಹೇಗೆ ಕತ್ತರಿಸಬೇಕು?

ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಮಾಡಿಸಿಕೊಂಡೆ. ಸುಮಾರು 2,400 ಗ್ರಾಫ್ಟ್. ಊರಲ್ಲಿ, ಅಂದ್ರೆ ಸಿಂದಗಿ ಕಡೆಯ ಮೋರಟಗಿಯಲ್ಲಿ, ಯಾರಿಗೂ ಹೇಳಲಿಲ್ಲ. ಅಷ್ಟು ದುಡ್ಡು ಎಲ್ಲಿ ಹೋಯ್ತು ಅಂತ ಅವ್ವ ಕೇಳಿದಾಗ ಆಫೀಸಿನ ಕೋರ್ಸಿಗೆ ಕಟ್ಟಿದೆ ಅಂದೆ. ಮನೇಲಿ ನನಗೆ ಹುಡುಗಿ ನೋಡ್ತಿದ್ರು. ಬಯೋಡೇಟಾದಲ್ಲಿದ್ದದ್ದು ನನ್ನ 24ನೇ ವಯಸ್ಸಿನ ಫೋಟೋ, ಹಣೆ ಮೇಲೆ ದಟ್ಟವಾಗಿ ಬೀಳೋ ಕ್ರಾಪು. ಈಗ ನನಗೆ 31. ದೀಪಾವಳಿ ಪಾಡ್ಯಕ್ಕೆ ಒಂದು ಮನೆಯವರು ಬರೋರಿದ್ರು. ಅಷ್ಟರೊಳಗೆ ಆ ಫೋಟೋದ ಹುಡುಗ ಆಗಿಬಿಡಬೇಕು ಅನ್ನೋದು ನನ್ನ ಲೆಕ್ಕ.

ಮೂರನೇ ವಾರದಿಂದಲೇ ನೆಟ್ಟ ಕೂದಲು ಉದುರೋಕೆ ಶುರುವಾಯ್ತು. ಡಾಕ್ಟರು ಮೊದಲೇ ಹೇಳಿದ್ರು: ಉದುರೋದು ಕೂದಲು, ಬೇರು ಒಳಗೇ ಇರುತ್ತೆ, ಮೂರ್ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತೆ, ಪೂರ್ತಿ ಕಾಣೋಕೆ ಒಂದು ವರ್ಷ ಬೇಕು. ಗೊತ್ತಿದ್ರೂ, ಬಿತ್ತಿದ ಮರುದಿನದಿಂದ ಹೊಲ ಕೆದರಿ ನೋಡೋ ರೈತನ ಥರ ದಿನಾ ಕನ್ನಡಿ ಮುಂದೆ ನಿಲ್ತಿದ್ದೆ.

ತಲೆಗೂದಲು ತಿಂಗಳಿಗೆ ಬೆಳೆಯೋದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಆಪರೇಷನ್ ದಿನ ಬೋಳಿಸಿದ ನನ್ನ ಹಳೇ ಕೂದಲು ಅಕ್ಟೋಬರ್ ಹೊತ್ತಿಗೆ ಆರು ಸೆಂಟಿಮೀಟರ್ ಆಗಿತ್ತು. ನಾಲ್ಕನೇ ತಿಂಗಳಲ್ಲಿ ಹೊರಬಂದ ಹೊಸದು ಬರೀ ಎರಡು. ಅದೂ ಒಂದೇ ಸಲ ಬಂದಿದ್ದಲ್ಲ, ಒಂದು ಇವತ್ತು, ಇನ್ನೊಂದು ಮುಂದಿನ ವಾರ. ಮನೆ ಕೆಳಗಿನ ಸಲೂನಿನಲ್ಲಿ ಹಳೇ ಫೋಟೋ ತೋರಿಸಿದೆ. ಹುಡುಗ ಹಿಂದಿನ ಉದ್ದ ಕೂದಲನ್ನ ಮುಂದಕ್ಕೆ ಎಳೆದು, ಜೆಲ್ ಹಚ್ಚಿ, 'ಸೇಮ್ ಟು ಸೇಮ್ ಬ್ರೋ' ಅಂದ. ಲಿಫ್ಟ್ ಹತ್ತಿದೆ. ಮೇಲಿನ ಬಿಳಿ ಲೈಟಿನಲ್ಲಿ ಎಳೆಗಳ ನಡುವೆ ನೆತ್ತಿ ಫಳಫಳ.

ಹಬ್ಬಕ್ಕೆ ಊರಿಗೆ ಬಂದವನು ಸೀದಾ ಕಾಕಾನ ಅಂಗಡಿಗೆ ಹೋದೆ. ನನ್ನ ಜಾವಳ ತೆಗೆದ ಕೈ ಅದು. ಗೋಡೆ ಮೇಲೆ ಹಾರ ಹಾಕಿದ ಹಡಪದ ಅಪ್ಪಣ್ಣನವರ ಫೋಟೋ. (ಬಸವಣ್ಣನವರ ಜೊತೆಗಿದ್ದ ಶರಣರು. ಅವರ ಹೆಸರಿನ ಮಠ ನಮ್ಮ ಜಿಲ್ಲೆಯ ತಂಗಡಗಿಯಲ್ಲೇ ಇದೆ.) ಕಾಕಾ ಮುಂದಲೆಯಲ್ಲಿ ಬೆರಳಾಡಿಸಿ ಒಂದು ನಿಮಿಷ ಸುಮ್ಮನಾದ.

'ತಮ್ಮಾ, ಇದು ಮುಂದಿನ ಕೂದ್ಲ ಅಲ್ಲ. ಹಿಂದಿಂದು. ದಪ್ಪ ಐತಿ.'

ಅವನು ಹೇಳಿದ್ದು ನಿಜ. ಕಸಿ ಮಾಡಿದ ಕೂದಲು ಹೋದಲ್ಲಿಗೂ ತನ್ನ ತವರಿನ ಗುಣವನ್ನೇ ಒಯ್ಯುತ್ತೆ. ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಒರೆಂಟ್ರೈಕ್ ಇದನ್ನ 1959ರಲ್ಲಿ ಬರೆದಿಟ್ಟರು. ಕಾಕಾ ಬೆರಳಲ್ಲೇ ಓದಿಬಿಟ್ಟ.

'ಯಾರಿಗೂ ಹೇಳಬ್ಯಾಡ ಕಾಕಾ.'

'ನಾ ಯಾಕ ಹೇಳ್ಲಿ? ಆದ್ರ ಹೊಸಾದನ್ನ ಎಳದು ಹಳೇದರಷ್ಟು ಉದ್ದ ಮಾಡಾಕ ಬರಂಗಿಲ್ಲ. ಹಳೇದನ್ನ ಕಡದು ಹೊಸಾದರ ಹಂತೇಕ ತರೂಣು.'

ಆರು ತಿಂಗಳು ಬೆಳೆಸಿದ್ದನ್ನ ಕತ್ತರಿಸೋಕೆ ಹೊಟ್ಟೆ ಉರೀತು. ಆದ್ರೂ ಕೂತೆ. ಮೇಲೆ ಮೂರು ಸೆಂಟಿಮೀಟರ್‌ಗೆ ಇಳಿಸಿದ, ಬರೀ ಕತ್ತರಿಯಲ್ಲಿ. ಕಸಿ ಜಾಗಕ್ಕೆ ಮಷೀನ್ ತಾಗಿಸಲಿಲ್ಲ. (ಮೊದಲ ಕಟಿಂಗ್ ಯಾವಾಗ, ಮಷೀನ್ ಯಾವಾಗ ಅನ್ನೋದನ್ನ ನಿಮ್ಮ ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ.) ಪಕ್ಕ ಮತ್ತು ಹಿಂದೆ ಮೂರನೇ ನಂಬರ್, ಅಂದ್ರೆ ಸುಮಾರು 10 ಮಿಲಿಮೀಟರ್. ಪಕ್ಕ ಇಳಿದರೆ ಮೇಲಿನದು ದಟ್ಟ ಕಾಣುತ್ತೆ. ಫ್ಯಾಷನ್ನಿನ ಫೇಡ್ ಮಾಡು ಅಂದ್ರೆ ಒಪ್ಪಲಿಲ್ಲ. ಒಂದೊಂದೇ ಬೇರು ಕಿತ್ತ ಕಡೆ ಹಿಂದೆ ಚುಕ್ಕಿ ಚುಕ್ಕಿ ಗುರುತಿದೆ, ಬೋಳಿಸಿದರೆ ಕಾಣುತ್ತೆ. ಪಟ್ಟಿ ತೆಗೆಯೋ ವಿಧಾನದಲ್ಲಿ ಮಾಡಿಸಿಕೊಂಡವರಿಗೆ ಅಡ್ಡ ಗೆರೆಯೇ ಇರುತ್ತೆ, ಅವರು ಹಿಂದೆ ಇನ್ನೂ ಉದ್ದ ಬಿಡಬೇಕು.

ಮುಂದಿನ ಅಂಚಿಗೆ ಒಂಟಿ ಎಳೆಯ ಗ್ರಾಫ್ಟ್ ಹಾಕ್ತಾರೆ, ಸಹಜವಾಗಿ ಕಾಣಲಿ ಅಂತ. ಹಿಂದಕ್ಕೆ ಬಾಚಿದರೆ ಆ ತೆಳು ಸಾಲು ಎದ್ದು ಕಾಣುತ್ತೆ. ಕಾಕಾ ಸ್ವಲ್ಪ ಮುಂದಕ್ಕೆ, ಸ್ವಲ್ಪ ಓರೆಗೆ ಬಾಚಿದ. ಜೆಲ್ ಇಲ್ಲ, ನೀರೂ ಇಲ್ಲ. ಕಸಿಯಲ್ಲಿ ಸಿಗೋದು ಹುಟ್ಟಿನಿಂದ ಬಂದ ದಟ್ಟಣೆಯ ಅರ್ಧದಷ್ಟು. ಉದ್ದ ಬಿಟ್ಟರೆ ಭಾರಕ್ಕೆ ಮಲಗಿ ಸೀಳಿಕೊಳ್ಳುತ್ತೆ, ಗಿಡ್ಡ ಇದ್ದರೆ ನಿಂತು ನೆತ್ತಿ ಮುಚ್ಚುತ್ತೆ. ವರ್ಷವಾದ ಮೇಲೂ ಮುಂದೆ ಐದಾರು ಸೆಂಟಿಮೀಟರ್ ದಾಟಿಸಬ್ಯಾಡ ಅಂದ. ಅಂದ್ರೆ ಆ ಹಳೇ ಕ್ರಾಪು ನನಗೆ ಇನ್ನು ಇಲ್ಲ. ಕುರ್ಚಿಯಲ್ಲಿ ಕೂತೇ ಅದು ಅರ್ಥ ಆಯ್ತು. ಕನ್ನಡಿಯಲ್ಲಿ ಇದ್ದವನು ಮಾತ್ರ ಪರವಾಗಿಲ್ಲ ಅನ್ನಿಸಿದ. 31ರವನ ಥರಾನೇ ಇದ್ದ.

ನರಕ ಚತುರ್ದಶಿ ಬೆಳಿಗ್ಗೆ ಅವ್ವ ಎಣ್ಣೆ ಬಟ್ಟಲು ಹಿಡ್ಕೊಂಡು ಬಂದಳು. ಬೇಡ ಅನ್ನೋಕೆ ಕಾರಣ ಹೊಳೀಲಿಲ್ಲ. ಎಣ್ಣೆ ಬಿದ್ದಿದ್ದೇ ತಡ, ಕೂದಲೆಲ್ಲ ಜಡೆಗಟ್ಟಿ ನಡುವೆ ನೆತ್ತಿ ಕಂಡಿತು. ಅವ್ವನ ಕೈ ಮುಂದಲೆ ಮೇಲೆ ನಿಂತಿತು.

'ಕೋರ್ಸ್ ಮುಗೀತೇನಪಾ?' ಅಂದಳು.

ಇನ್ನೂ ಆರು ತಿಂಗಳೈತಿ ಅಂದೆ. ಆಕಿ ನಕ್ಕಳು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸುಳ್ಳು ಹೇಳಿದ್ದಕ್ಕೆ ಬೇಜಾರಾಗಿತ್ತು, ದುಡ್ಡಿಗಲ್ಲ.

ಅವತ್ತು ರಾತ್ರಿ ಆ ಮನೆಯವರಿಗೆ ಹೊಸ ಫೋಟೋ ವಾಟ್ಸಾಪ್ ಮಾಡಿದೆ. ಕೆಳಗೆ ಒಂದು ಸಾಲು: ಮೊದಲು ಕಳಿಸಿದ್ದು ಏಳು ವರ್ಷದ ಹಿಂದಿನದು, ಈಗ ಕಸಿ ಮಾಡಿಸಿದ್ದೇನೆ, ಹೀಗಿದ್ದೇನೆ. ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ.

ಪಾಡ್ಯದ ದಿನ ಬಂದ್ರು. ಮಾತುಕತೆ ಇನ್ನೂ ನಡೀತಿದೆ. ಮುಂದಿನ ಕಟಿಂಗ್ ಸಂಕ್ರಮಣಕ್ಕೆ, ಕಾಕಾನ ಹತ್ರಾನೇ.