ಮೇಷ್ಟ್ರಿಗೂ ಒಂದು ಮೊದಲ ದಿನ

ಮುದ್ದು ಮಕ್ಕಳೇ,

ಕೊರಟಗೆರೆ ಕಡೆಯಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಕಾಗದ ಬರೆದಿದ್ದಾಳೆ. “ತಾತ, ನಮ್ಮ ಶಾಲೆಗೆ ಗದಗ ಕಡೆಯ ಹೊಸ ಮಿಸ್ಸು ಬಂದಿದ್ದಾರೆ. ಮೊದಲ ದಿನ ಅವರು ‘ಎಲ್ಲಾರೂ ಕುಂದರ್ರಿ’ ಅಂದಾಗ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಈಗ ಅವರು ಪಾಠ ಮುಗಿಸಿ, ಪುಸ್ತಕ ಮುಚ್ಚಿ ಹೋಗಿಬಿಡುತ್ತಾರೆ. ನಮ್ಮ ಜೊತೆ ಬೇರೆ ಮಾತೇ ಆಡುವುದಿಲ್ಲ. ಈಗ ನಾನೇನು ಮಾಡಲಿ?”

ಒಳ್ಳೆಯ ಪ್ರಶ್ನೆ ಕೇಳಿದೆ ಮಗಳೇ. ಉತ್ತರ ಹೇಳುವ ಮುಂಚೆ, ಗದಗಕ್ಕಿಂತ ಬಹಳ ಬಹಳ ದೂರದಿಂದ ನಮ್ಮ ಜಿಲ್ಲೆಗೆ ಬಂದವರ ಕಥೆ ಕೇಳು.

ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಗೆ 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ಇಂಗ್ಲಿಷ್ ಪಾದ್ರಿ ಬಂದರು. ಅವರು ವೆಸ್ಲಿಯನ್ ಮಿಷನ್ನಿನವರು. ಎರಡು ವರ್ಷದ ಮೇಲೆ, 1839ರಲ್ಲಿ, ಐರ್ಲೆಂಡಿನ ವಿಲಿಯಂ ಆರ್ಥರ್ ಅದೇ ಊರಿಗೆ ಬಂದರು. ಆಗ ಅವರಿಗೆ ಬರೀ 20 ವರ್ಷ! ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಅಣ್ಣ ಇದ್ದಾನಲ್ಲ, ಅವನ ವಯಸ್ಸು. ಸೂಯೆಜ್ ಕಾಲುವೆಯನ್ನು ಇನ್ನೂ ತೋಡಿರಲಿಲ್ಲ. ಇಂಗ್ಲೆಂಡಿನಿಂದ ಹಡಗು ಆಫ್ರಿಕಾ ಖಂಡವನ್ನು ಸುತ್ತಿ ಬರಲು ತಿಂಗಳುಗಳೇ ಬೇಕಿತ್ತು.

ಅವರು ಬಂದದ್ದು ತಮ್ಮ ಕ್ರೈಸ್ತ ಧರ್ಮವನ್ನು ಸಾರಲು. ಅದರ ಜೊತೆಗೆ ಮಿಷನ್ನಿನವರು ಶಾಲೆಗಳನ್ನೂ ನಡೆಸುತ್ತಿದ್ದರು. ಆದರೆ ಪಾಠ ಹೇಳುವುದಿರಲಿ, ಕುಡಿಯಲು ನೀರು ಕೇಳಬೇಕಾದರೂ ಕನ್ನಡ ಬರಬೇಕಲ್ಲ? ಹಾಗಾಗಿ ಆ ಕಾಲದ ಮಿಷನರಿಗಳು ಮೇಷ್ಟ್ರಾಗುವ ಮೊದಲು ಮುನ್ಷಿಯ ಎದುರು ಕೂತು ‘ಅ ಆ ಇ ಈ’ ತಿದ್ದಬೇಕಿತ್ತು.

ಅವರ ಕಷ್ಟ ಊಹಿಸಿಕೊಳ್ಳಿ. ಇಂಗ್ಲಿಷಿನವರ ನಾಲಗೆಗೆ ‘ಳ’ ಹೊರಳುವುದಿಲ್ಲ. “ಹಳ್ಳಿಗೆ ಹೋಗುತ್ತೇನೆ” ಅನ್ನಲು ಹೋದರೆ “ಹಲ್ಲಿಗೆ ಹೋಗುತ್ತೇನೆ” ಅಂತಾಗುತ್ತದೆ! “ಈ ವರ್ಷ ಬೆಳೆ ಹೇಗಿದೆ?” ಅಂದರೆ “ಬೆಲೆ ಹೇಗಿದೆ?” ಅಂತ ಕೇಳಿಸುತ್ತದೆ. ಮುಂದೆ ಕೂತ ಮಕ್ಕಳು ನಗದೆ ಇರುತ್ತಾರೆಯೇ?

ಆರ್ಥರ್‌ಗೆ ಆರೋಗ್ಯ ಕೆಟ್ಟು 1841ರಲ್ಲಿ ಊರಿಗೆ ಹಿಂತಿರುಗಬೇಕಾಯಿತು. ಆದರೂ ಗುಬ್ಬಿಯನ್ನು ಅವರು ಮರೆಯಲಿಲ್ಲ. 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಹಾಡ್ಸನ್ನರು ಕನ್ನಡ ಕಲಿಯುವವರಿಗಾಗಿ ವ್ಯಾಕರಣ ಬರೆದರು. ಅದರ ಎರಡನೆಯ ಮುದ್ರಣ 1864ರಲ್ಲಿ ಬೆಂಗಳೂರಿನಲ್ಲಿ ಆಯಿತು. ಇತ್ತ 1836ರಲ್ಲಿ ಮಂಗಳೂರಿಗೆ ಬಂದ ಜರ್ಮನಿಯ ಹರ್ಮನ್ ಮೋಗ್ಲಿಂಗ್ ಏಳೇ ವರ್ಷದಲ್ಲಿ, ಅಂದರೆ 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು.

ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಅವರ ಶ್ರಮ ದೊಡ್ಡದು, ನಿಜ. ಆದರೆ ಯಾರೋ ಒಬ್ಬರು, ನಕ್ಕ ಮೇಲಾದರೂ, “ಹಾಗಲ್ಲ ಸ್ವಾಮಿ, ಹೀಗೆ ಹೇಳಿ” ಎಂದು ತಿದ್ದಿರಲೇಬೇಕು. ತಿದ್ದುವವರು ಇಲ್ಲದಿದ್ದರೆ ಯಾವ ಭಾಷೆಯೂ ಯಾರಿಗೂ ಬರುವುದಿಲ್ಲ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಾನು ಮಧುಗಿರಿಯವನು. ನಲವತ್ತು ವರ್ಷದ ಹಿಂದೆ ಮೇಷ್ಟ್ರ ಕೆಲಸ ಸಿಕ್ಕಿದ್ದು ಪಾವಗಡ ತಾಲ್ಲೂಕಿನ ಒಂದು ಗಡಿ ಹಳ್ಳಿಯಲ್ಲಿ. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಶಾಲೆ ಕನ್ನಡದ್ದು, ಮಕ್ಕಳ ಮನೆಮಾತು ತೆಲುಗು. ಅದೇ ಜಿಲ್ಲೆಯಾದರೂ ನಾನು ಅಲ್ಲಿ ಪರದೇಶಿಯೇ.

ಸೇರಿದ ಐದನೆಯ ದಿನ. ಹಿಂದಿನ ದಿನ ಬಾರದಿದ್ದ ಹುಡುಗನನ್ನು “ಯಾಕೋ ನಿನ್ನೆ ಬರಲಿಲ್ಲ?” ಎಂದು ಕೇಳಿದೆ. ಅವನು ತಲೆ ತಗ್ಗಿಸಿ, “ಇಲ್ಲು ಕೂಲಿಪೋಯಿಂದಿ, ಸಾರ್” ಅಂದ. ನನ್ನ ಕಿವಿಗೆ ಬಿದ್ದದ್ದು ‘ಕೂಲಿ’ ಒಂದೇ. ಶಾಲೆ ತಪ್ಪಿಸಿ ಕೂಲಿಗೆ ಹೋಗಿದ್ದಾನೆ ಎಂದು ರೇಗಿ, ಬಾಗಿಲ ಬಳಿ ನಿಲ್ಲಿಸಿದೆ. ಮಧ್ಯಾಹ್ನದವರೆಗೂ ಅವನು ತುಟಿ ಪಿಟಕ್ಕೆನ್ನದೆ ನಿಂತಿದ್ದ.

ಊಟಕ್ಕೆ ಬಿಟ್ಟಾಗ ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ನನ್ನ ಅಂಗಿ ಜಗ್ಗಿದಳು. ಎರಡು ಕೈಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ದೊಪ್ಪನೆ ಬೀಳಿಸಿ ತೋರಿಸಿದಳು. ಆಮೇಲೆ ಆ ಹುಡುಗನ ಕಡೆ ಬೆರಳು ಮಾಡಿದಳು.

ತೆಲುಗಿನಲ್ಲಿ ‘ಇಲ್ಲು’ ಅಂದರೆ ಮನೆ. ‘ಕೂಲಿಪೋಯಿಂದಿ’ ಅಂದರೆ ಕುಸಿದುಬಿತ್ತು. ಮೊನ್ನೆ ರಾತ್ರಿಯ ಮಳೆಗೆ ಅವನ ಮಣ್ಣಿನ ಮನೆ ಬಿದ್ದುಹೋಗಿತ್ತು!

ಸಂಜೆ ಅವನ ಜೊತೆ ಹೋದೆ. ಅವರಪ್ಪ, ಅಮ್ಮ ಮಣ್ಣಿನಡಿಯಿಂದ ಪಾತ್ರೆಗಳನ್ನು ಎತ್ತಿಡುತ್ತಿದ್ದರು. ನಾನೂ ಒಂದಿಷ್ಟು ಹೊತ್ತು ಕೈಹಾಕಿದೆ. ಹೊರಡುವಾಗ, “ತಪ್ಪಾಯ್ತು ಮಗಾ” ಅಂದೆ. ಅವನು “ಪರವಾಲೇದು ಸಾರ್” ಅಂದ. ಆ ಮಾತಿನ ಅರ್ಥ ಹೇಳಿಕೊಡಲು ಮಾತ್ರ ಯಾರೂ ಬೇಕಾಗಲಿಲ್ಲ.

ಮಾರನೆಯ ದಿನದಿಂದ ಕೊನೆಯ ಹತ್ತು ನಿಮಿಷ ಮಕ್ಕಳೇ ನನಗೆ ಮೇಷ್ಟ್ರು. ದಿನಕ್ಕೆ ಐದು ತೆಲುಗು ಮಾತು ಅವರು ಕಲಿಸಿದರು, ಐದು ಕನ್ನಡ ಮಾತು ನಾನು ಕಲಿಸಿದೆ. ನಾನು ತಪ್ಪಿದಾಗ ಅವರು ನಕ್ಕರು, ನಾನೂ ನಕ್ಕೆ.

ಈಗ ನಿನ್ನ ಪ್ರಶ್ನೆಗೆ ಬರೋಣ ಮಗಳೇ. ನಗು ಬಂದದ್ದು ತಪ್ಪಲ್ಲ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ನಗುವುದು ಮಾತ್ರ ಚುಚ್ಚುತ್ತದೆ. ನಿಮ್ಮ ಮಿಸ್ಸೂ ಮನೆಮಂದಿಯನ್ನು ಬಿಟ್ಟು, ಬಾಡಿಗೆ ಕೋಣೆ ಹುಡುಕಿಕೊಂಡು, ನಿಮ್ಮೂರಿಗೆ ಬಂದವರು. ನಾಳೆ ಅವರ ಹತ್ತಿರ ಹೋಗು. “ಅವತ್ತು ನಕ್ಕಿದ್ದಕ್ಕೆ ಬೇಜಾರಾಗಬೇಡಿ ಮಿಸ್. ನಿಮ್ಮ ಊರಿನ ಮಾತು ನಮಗೂ ಹೇಳಿಕೊಡಿ” ಅನ್ನು. ಆಮೇಲೆ ನಿಮ್ಮೂರಿನ ಮಾತೂ ಒಂದಿಷ್ಟು ಅವರಿಗೆ ಹೇಳಿಕೊಡು.

ಅವರು ಏನಂದರು ಅಂತ ನನಗೆ ಬರೆಯಲು ಮರೆಯಬೇಡ. ಉಳಿದ ಮಕ್ಕಳೂ ಅಷ್ಟೆ. ನಿಮ್ಮ ಕ್ಲಾಸಿಗೆ ಬೇರೆ ಊರಿಂದ ಬಂದವರಿಂದ ಐದು ಹೊಸ ಮಾತು ಕಲಿತು, ಮುಂದಿನ ವಾರದೊಳಗೆ ಕಾಗದದಲ್ಲಿ ಬರೆದು ಕಳಿಸಿ.

ನಿಮ್ಮ ಪ್ರೀತಿಯ
ತಾತ